ಡಾಂಬರು ಸಾಕು, ಬುಡಕ್ಕೆ ಸಿಮೆಂಟ್ ಬೆರೆಸಿ

ಮಾನ್ಯ ವಿಮಾನ ನಿಲ್ದಾಣಾಧಿಕಾರಿಗಳೇ,

ನಮ್ಮ ದ್ವೀಪದ ರನ್‌ವೇಯ ದಕ್ಷಿಣ ತುದಿಯಲ್ಲಿ, ವಿಮಾನ ತಿರುಗುವ ಜಾಗಕ್ಕೆ, ತಾವು ಹನ್ನೊಂದನೆಯ ಬಾರಿ ಡಾಂಬರಿನ ತೇಪೆ ಹಾಕಿಸಲು ಹೊರಟಿದ್ದೀರಂತೆ. ಅಭಿನಂದನೆಗಳು. ಒಂದೇ ಹಳ್ಳಕ್ಕೆ ಇಷ್ಟು ನಿಷ್ಠೆಯಿಂದ ನಡೆದುಕೊಂಡ ಕಚೇರಿ ಇನ್ನೊಂದಿರಲಾರದು. ಆದರೆ ಕೆಟ್ಟಿರುವುದು ಡಾಂಬರಲ್ಲ ಸ್ವಾಮಿ, ಅದರ ಕೆಳಗಿನ ಸಡಿಲ ಜಲ್ಲಿ. ಕಾಲು ಹುಣ್ಣಾದವನಿಗೆ ಎಷ್ಟು ಟೋಪಿ ಬದಲಿಸುತ್ತೀರಿ?

ಇಪ್ಪತ್ತಾರು ವರ್ಷಗಳ ಹಿಂದೆ ಈ ರನ್‌ವೇ ಹಾಕುವಾಗ ರೋಲರ್ ಓಡಿಸಿದವನು ನಾನು. ನಮ್ಮ ಮೇಸ್ತ್ರಿ ಶಿಗೆಮಿತ್ಸು ಹಟ ಹಿಡಿದು ಉತ್ತರ ತುದಿಯ ನಲವತ್ತು ಮೀಟರಿಗೆ ಜಲ್ಲಿಯೊಳಗೆ ಸಿಮೆಂಟ್ ಬೆರೆಸಿ, ಏಳು ದಿನ ನೀರುಣಿಸಿ, ಆಮೇಲಷ್ಟೇ ಡಾಂಬರು ಹಾಕಿಸಿದ. ಉಳಿದ ಭಾಗಕ್ಕೆ ತಮ್ಮ ಕಚೇರಿ ಸಮಯವಿಲ್ಲ ಎಂದಿತು. ಎರಡೂ ತುದಿಯಲ್ಲಿ ತಿರುಗುವುದು ಅದೇ ವಿಮಾನ. ಉತ್ತರದಲ್ಲಿ ಇಂದಿಗೂ ಒಂದೂ ಹಳ್ಳವಿಲ್ಲ.

ಕಳೆದ ತಿಂಗಳು ಹತ್ತನೆಯ ತೇಪೆ ಕಿತ್ತುಬಂದು ರನ್‌ವೇ ಮುಚ್ಚಿದ ದಿನವೇ ನೆರೆಮನೆಯ ನುಯಿ ಅಜ್ಜಿ ಕಡಲಕಳೆ ಒಣಹಾಕುವಾಗ ಜಾರಿ ಸೊಂಟ ಮುರಿದುಕೊಂಡರು. ಎಂಬತ್ತರಲ್ಲೂ ಶಂಖ ಹೆಕ್ಕಲು ಕಡಲಲ್ಲಿ ಮುಳುಗುತ್ತಿದ್ದ ಜೀವ. ಆಸ್ಪತ್ರೆಯ ವಿಮಾನಕ್ಕೆ ಇಳಿಯಲಾಗಲಿಲ್ಲ. ಒಂಬತ್ತು ಗಂಟೆ ಹಡಗಿನಲ್ಲಿ ಒಯ್ದೆವು. ಅಲೆ ಎದ್ದಾಗೆಲ್ಲ ನನ್ನ ಕೈ ಹಿಂಡುತ್ತಿದ್ದರು.

"ಆ ರನ್‌ವೇ ರೋಲರಲ್ಲಿ ತುಳಿದವನು ನೀನೇ ಅಲ್ವೇನೋ?"

"ಹೌದು ಅಜ್ಜಿ."

"ಪೀಪಾಯಿಯಲ್ಲಿ ನನ್ನ ಮೂಲಂಗಿ ಉಪ್ಪಿನಕಾಯಿನೇ ಅದಕ್ಕಿಂತ ಚೆನ್ನಾಗಿ ತುಳಿದಿದೀನಿ ಕಣೋ!"

ನಗಲು ಹೋಗಿ ನೋವಿಗೆ ಅತ್ತುಬಿಟ್ಟರು. ಬದುಕಿಕೊಂಡರು. ಆದರೆ ತಡವಾಯಿತು, ಇನ್ನು ಕಡಲಿಗಿಳಿಯುವಂತಿಲ್ಲ ಎಂದರು ವೈದ್ಯರು.

ಊರಿಗೆ ಮರಳಿದವನೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಕಿರಿಯ ಎಂಜಿನಿಯರ್ ಸಿಕ್ಕರು.

"ಸಿಮೆಂಟ್ ಬೆರೆಸಿದ್ರೆ ಬಿರುಕು ಮೇಲಕ್ಕೆ ಬರುತ್ತೆ, ತಾತ."

"ಬರುತ್ತಮ್ಮ, ಕೂದಲೆಳೆಯಷ್ಟು. ಅದಕ್ಕೆ ಡಾಂಬರು ತುಂಬಬಹುದು. ನಿಮ್ಮ ಹಳ್ಳಕ್ಕೆ ಏನು, ವಿಮಾನ ತುಂಬ್ತೀರಾ?"

ಆ ಹುಡುಗಿಗೆ ನಗು ಬಂತು. ಮರುದಿನ ಎರಡೂ ತುದಿಯಲ್ಲಿ ಕೊರೆಸಿ ನೋಡಿದರು. ಉತ್ತರದ ತುಂಡು ಒನಕೆಯಂತೆ ಇಡಿಯಾಗಿ ಬಂತು. ದಕ್ಷಿಣದಲ್ಲಿ ತೇಪೆಗಳ ಅಡಿಯಿಂದ ಜಲ್ಲಿ ನೀರಿನೊಂದಿಗೆ ಅವರ ಬೆರಳಸಂದಿಯಲ್ಲಿ ಸೋರಿಹೋಯಿತು. ಅವರು ವರದಿ ಬರೆದರು. ತಾವು "ಪರಿಶೀಲಿಸಲಾಗುವುದು" ಎಂದು ಬರೆದಿರಿ.

ಪರಿಶೀಲನೆ ಸಾಕು. ಕಡಲು ಶಾಂತವಾಗಿರುವ ತಿಂಗಳಲ್ಲಿ ದಕ್ಷಿಣ ತುದಿಯನ್ನು ಬುಡದವರೆಗೆ ಅಗೆಸಿ, ಜಲ್ಲಿಗೆ ಸಿಮೆಂಟ್ ಬೆರೆಸಿ, ಏಳು ದಿನ ಪೂರ್ತಿ ನೆನೆಸಿ. ಮೂರನೆಯ ದಿನವೇ ಉದ್ಘಾಟನೆಗೆ ಯಾರನ್ನೂ ಕರೆಯಬೇಡಿ. ಕೆಲಸ ಮುಗಿಯುವವರೆಗೆ ರೋಗಿಗಳಿಗಾಗಿ ಒಂದು ಹೆಲಿಕಾಪ್ಟರ್ ಇಲ್ಲೇ ನಿಲ್ಲಿಸಿ.

ಇಂತಿ,
ತಮ್ಮ ಮೊದಲ ಆರು ತೇಪೆಗಳನ್ನು ಬಾಯಿಮುಚ್ಚಿಕೊಂಡು ತುಳಿದ ತಪ್ಪಿತಸ್ಥ,
ಹಮಸಾಕಿ ಇಸೊಕಿಚಿ, ನಿವೃತ್ತ ರೋಲರ್ ಚಾಲಕ