ವಾಪಸ್ ಹೋದ ಬುತ್ತಿ

ಅಥಣಿ ರಸ್ತೆ, ವಿಜಯಪುರ
ಸೋಮವಾರ, ೧೧ ಆಗಸ್ಟ್

ಬಬಲೇಶ್ವರದ ಬೀಗತಿ ಸಾಬವ್ವನವರಿಗೆ ಪರಸವ್ವ ಮಾಡುವ ಜೈಭೀಮ.

ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಶುರು ಮಾಡುವ ರೂಢಿ. ಇಲ್ಲಿ ಕ್ಷೇಮ ಇಲ್ಲ, ಅದಕ್ಕೆ ಬರೆಯುವುದಿಲ್ಲ. ನಿಮ್ಮ ಮೊಣಕಾಲು ಹೇಗಿದೆ ಅಂತಲೂ ಕೇಳುವುದಿಲ್ಲ. ಅದು ಹೇಗಿದ್ದರೂ ಈ ಪತ್ರ ಓದಿದ ಮೇಲೆ ನೀವು ಬಸ್ಸು ಹತ್ತಬೇಕು.

ಫೋನ್ ಇರುವಾಗ ಪತ್ರ ಯಾಕೆ ಬರೆದಳು ಈ ಮುದುಕಿ ಅನ್ನುತ್ತೀರಿ. ನನ್ನ ನಂಬರ್ ಕಂಡರೆ ನೀವು ಎತ್ತುವುದಿಲ್ಲ. ಎತ್ತಿದರೂ ನನ್ನ ದನಿ ಏರುತ್ತದೆ, ನೀವು ಅಳಲಿಕ್ಕೆ ಹತ್ತುತ್ತೀರಿ, ಹೇಳಬೇಕಾದ ಮಾತು ಹಾಗೇ ಉಳಿಯುತ್ತದೆ. ಕಾಗದದ ಮೇಲೆ ಒದರಲಿಕ್ಕೆ ಬರುವುದಿಲ್ಲವಲ್ಲ, ಅದಕ್ಕೆ ಇದು. ನಾಲ್ಕನೇ ಇಯತ್ತೆಯಲ್ಲಿ ಸಾಲಿ ಬಿಡಿಸಿದರು ನನ್ನನ್ನು. ಅಕ್ಷರ ಸೊಟ್ಟ ಇದ್ದರೆ ನಕ್ಕು ಮುಂದೆ ಓದಿ. ನಮ್ಮ ಮೊಮ್ಮಗಳು ಆಮ್ರಪಾಲಿಯನ್ನು ನೋಡಲು ಮನೆಗೇ ಬರುವ ನರ್ಸ್ ಸುರೈಯಾ ನಾಳೆ ನಿಮ್ಮೂರ ಕಡೆ ಇನ್ನೊಂದು ಕೂಸನ್ನು ನೋಡಲು ಹೋಗುತ್ತಾಳಂತೆ. ಅವಳ ಕೈಯಲ್ಲೇ ಕಳಿಸುತ್ತೇನೆ.

ಮೊದಲು ಆ ದಿನದ ಮಾತು. ನಿಮಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಯಾಕೆಂದರೆ ನೀವು ಊರಲ್ಲಿ ಬೇರೆಯೇ ಹೇಳಿಕೊಂಡು ತಿರುಗುತ್ತಿದ್ದೀರಿ ಅಂತ ಕೇಳಿದೆ. ಸಾರವಾಡದಾಕಿ ಪರಸವ್ವ ಸೊಕ್ಕಿನಾಕಿ, ಮೊಮ್ಮಗಳಿಗೆ ತಂದ ಬುತ್ತಿಯನ್ನು ಬೀಗರ ಮುಖಕ್ಕೆ ಒಗೆದಳು ಅಂತ. ಮುಖಕ್ಕೆ ಒಗೆದಿಲ್ಲ. ಗಂಟು ಬಿಚ್ಚದೆ ಆಟೋದೊಳಗೆ ಇಟ್ಟೆ. ಬುತ್ತಿ ವಾಪಸ್ ಕಳಿಸುವುದು ಎಷ್ಟು ದೊಡ್ಡ ಅವಮಾನ ಅಂತ ನನಗೆ ಗೊತ್ತಿದೆ. ಗೊತ್ತಿದ್ದೇ ಕಳಿಸಿದೆ.

ಹುಡುಗಿಯ ಕಾಲಿನ ಎಲುಬಿನ ಗಡ್ಡೆ ಎದೆಗೆ ಹೋಗಿದೆ, ಇನ್ನು ಯಾವ ಇಲಾಜೂ ತಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ, ನೋವಾಗದ ಹಾಗೆ ನಾವು ನೋಡಿಕೊಳ್ಳುತ್ತೇವೆ ಅಂತ ಡಾಕ್ಟರು ಹೇಳಿದಾಗ ನೀವೂ ಆ ಕೋಣೆಯಲ್ಲಿ ಇದ್ದಿರಿ. ನಿಮ್ಮ ಮಗಳು ಪೂನಮ ಗೋಡೆ ಹಿಡಿದು ಕೂತಳು. ನೀವು ಡಾಕ್ಟರ ಕಾಲು ಹಿಡಿಯಲಿಕ್ಕೆ ಹೋದಿರಿ. ನಾನು ನನ್ನ ಮಗ ಗೌತಮನಿಗೆ ಮನೆ ಹುಡುಕು ಅಂದೆ. ಸಾರವಾಡದಲ್ಲಿ ಕೂತರೆ ನರ್ಸು ಬರುವಷ್ಟರಲ್ಲಿ ಹೊತ್ತಾಗುತ್ತದೆ, ಅದಕ್ಕೆ ಇಲ್ಲಿ ಬಾಡಿಗೆ ಮನೆ ಮಾಡಿದ್ದು. ನನಗೇನು ಪಟ್ಟಣದ ಷೋಕಿ ಇತ್ತೇ?

ಸುರೈಯಾ ಮೊದಲ ದಿನವೇ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಹೇಳಿದ್ದಳು. "ನೋವು ಎದ್ದ ಮ್ಯಾಲ ಔಷಧ ಕೊಡೂದಲ್ರಿ ಆಯಿ, ಏಳೂದರೊಳಗ ಕೊಡೂದು. ಕೂಸು ಆಡಾಕತ್ತಿದ್ರೂ ಸರಿ, ನಗಾಕತ್ತಿದ್ರೂ ಸರಿ, ಹೊತ್ತ ತಪ್ಪಿಸಬ್ಯಾಡ್ರಿ" ಅಂತ. ನೀವು ಗೋಣು ಹಾಕಿದಿರಿ.

ಆಮೇಲೆ ನಾನು ಸಾರವಾಡದಲ್ಲಿ ನಮ್ಮ ಓಣಿಯಲ್ಲಿ ತೀರಿಹೋದ ಹಿರಿಯನೊಬ್ಬನ ಮಣ್ಣಿಗೆ ಹೋದೆ. ಹೋಗುವಾಗ ಮಧ್ಯಾಹ್ನದ ಔಷಧ ನಿಮ್ಮ ಕೈಗೆ ಒಪ್ಪಿಸಿದೆ. ಅವತ್ತೇ ನಿಮ್ಮ ತಂಗಿ, ಆ ತಿಕೋಟಾದಾಕಿ, ಮಕ್ಕಳು ಸೊಸೆಯರನ್ನು ಕಟ್ಟಿಕೊಂಡು ಬುತ್ತಿ ತಂದಳು. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ. ಬುತ್ತಿ ಯಾರ ಹೆಸರಿಗೆ ಬಂದಿದೆಯೋ ಅವರು ಎದ್ದು ಕೂತು ಮೊದಲ ತುತ್ತು ತಿನ್ನಬೇಕು. ಮಲಗಿದವರ ಮುಂದೆ ಗಂಟು ಬಿಚ್ಚಿದರೆ ಒಳ್ಳೆಯದಲ್ಲ ಅಂತ ನಮ್ಮಲ್ಲಿ ನಡೆದು ಬಂದಿದೆ. ನಿಮ್ಮ ತಂಗಿ ನಿಮ್ಮ ಕಿವಿಯಲ್ಲಿ ಊದಿದಳು: "ಯಕ್ಕಾ, ಅದು ಅಫೀಮ ಐತಿ. ಕೊಟ್ಟಿ ಅಂದ್ರ ಕೂಸು ಜೋಲಿ ಹೊಡೀತದ. ನಾವೆಲ್ಲಾ ಇಷ್ಟ ದೂರದಿಂದ ಬಂದೀವಿ, ಸ್ವಲ್ಪ ತಡದು ಕೊಡು." ನೀವು ತಡೆದಿರಿ.

ನಾನು ಬಂದಾಗ ಹುಡುಗಿ ತಲೆದಿಂಬು ಕಚ್ಚಿಕೊಂಡಿದ್ದಳು. ಸುತ್ತ ನಿಮ್ಮ ಮಂದಿ ಸೆರಗು ಕಣ್ಣಿಗೆ ಹಚ್ಚಿಕೊಂಡು ಕೂತಿದ್ದರು. ನೀವು ಬಾಟಲಿ ಹಿಡಿದು ನಿಂತಿದ್ದಿರಿ. ಆಮೇಲೆ ನನ್ನ ಬಾಯಲ್ಲಿ ಏನೇನು ಬಂತು ಅದನ್ನು ಬರೆಯುವುದಿಲ್ಲ, ನಿಮಗೆ ನೆನಪಿದೆ. ಲೇಔಟಿನವರಿಗೂ ನೆನಪಿದೆ. ನಿಮ್ಮ ಮಂದಿಯ ಜೊತೆ ನಿಮ್ಮನ್ನೂ ಬುತ್ತಿಯನ್ನೂ ಆಟೋ ಹತ್ತಿಸಿ ಕಳಿಸಿದೆ. ಎದುರು ಮನೆಯವರು ಅವತ್ತು ಮುಚ್ಚಿದ ಕಿಟಕಿ ಇನ್ನೂ ತೆಗೆದಿಲ್ಲ. ಅವತ್ತಿನ ನನ್ನ ಸಿಟ್ಟಿಗೆ ಮಾಫಿ ಕೇಳುವುದಿಲ್ಲ. ಇವತ್ತಿಗೂ ಹಾಗೇ ಮಾಡುತ್ತೇನೆ.

ಈಗ ಇಲ್ಲಿಯ ಸುದ್ದಿ ಹೇಳುತ್ತೇನೆ.

ಗೌತಮ ಬೆಳಗಾದರೆ ಸೊಲ್ಲಾಪುರ ರಸ್ತೆಯ ವರ್ಕ್‌ಶಾಪಿಗೆ ಹೋಗುತ್ತಾನೆ. ಟ್ರ್ಯಾಕ್ಟರ್ ಕೆಳಗೆ ಮಲಗಿದರೆ ಯಾರೂ ಮುಖ ನೋಡುವುದಿಲ್ಲವಲ್ಲ, ಅವನಿಗೆ ಅದೇ ಬೇಕಾಗಿದೆ. ಪೂನಮ ಸಾಲಿಗೆ ಹೋಗುತ್ತಾಳೆ ಕಲಿಸಲಿಕ್ಕೆ. ಯಾಕೆ ಹೋಗುತ್ತಾಳೆ ಅಂತ ನಿಮ್ಮ ಮಂದಿ ಆಡಿಕೊಂಡರಂತೆ. ಉಳಿದ ರಜೆಯನ್ನೆಲ್ಲಾ ಅವಳು ಕಡೆಯ ದಿನಗಳಿಗೆ ಎತ್ತಿಟ್ಟಿದ್ದಾಳೆ, ತಿಳಿಯಿತೇ? ಅದನ್ನು ಅವಳು ಯಾರಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ನಾನು ಕೇಳಿಲ್ಲ, ನೋಡಿ ತಿಳಿದುಕೊಂಡೆ. ಹಾಗೆ ನಡೆದಿದೆ. ನೀವು ಹೋದ ಮೇಲೆ ನನ್ನ ಜೊತೆ ಅವಳ ಮಾತು ಇಷ್ಟೇ: ಔಷಧ ಆಯ್ತೇನ್ರಿ, ಆಯ್ತು. ಏನರ ತಿಂದಳೇನ್ರಿ, ಇಲ್ಲ. ತಾಯಿಯನ್ನು ಹೊರಗೆ ಹಾಕಿದವಳ ಜೊತೆ ಇನ್ನೇನು ಮಾತಾಡಬೇಕು ಪಾಪ.

ಹಗಲೆಲ್ಲಾ ನಾನು ಮತ್ತು ಹುಡುಗಿ. ಸಾರವಾಡದಲ್ಲಾದರೆ ಕಟ್ಟೆಗೆ ಕೂತರೆ ಹೋಗುವವರು ಬರುವವರು ಏನ್ ಪರಸವ್ವ ಅನ್ನುತ್ತಾರೆ, ಜಗಳಕ್ಕಾದರೂ ನಿಲ್ಲುತ್ತಾರೆ. ಇಲ್ಲಿ ಗೇಟು ಮುಚ್ಚಿದರೆ ಮುಗಿಯಿತು. ಒಮ್ಮೆ ಎದುರು ಮನೆಯಾಕಿ ಗೇಟಿನ ಆಚೆ ನಿಂತು, ಹುಡುಗಿಯ ಬೇನೆ ಮತ್ತೊಬ್ಬರಿಗೆ ಹತ್ತುತ್ತದೇನು ಅಂತ ಕೇಳಿದಳು. ಅದು ಹತ್ತುವುದಿಲ್ಲ, ನನ್ನ ಬಾಯಿ ಹತ್ತುತ್ತದೆ ಅಂದೆ. ಆಮೇಲೆ ಆಕೆಯೂ ಬರಲಿಲ್ಲ. ಔಷಧ ಕುಡಿದು ಹುಡುಗಿ ಕಣ್ಣು ಮುಚ್ಚಿದ ಮೇಲೆ ಈ ಮನೆಯಲ್ಲಿ ಫ್ರಿಜ್ಜಿನ ಸಪ್ಪಳ ಬಿಟ್ಟರೆ ಬೇರೇನೂ ಇಲ್ಲ. ಒಮ್ಮೊಮ್ಮೆ ಆ ಫ್ರಿಜ್ಜಿಗೇ ಬೈಯುತ್ತೇನೆ.

ಆದರೆ ಎಚ್ಚರ ಇದ್ದಾಗ ಆಕಿ ಮಾತು ಕೇಳಬೇಕು ನೀವು. ಕಾಲು ನಡೆಯದಿದ್ದರೂ ಬಾಯಿ ನಡೆಯುತ್ತದೆ. ಕಿಟಕಿಯ ಹತ್ತಿರ ಮಂಚ ಹಾಕಿದ್ದೇವೆ, ಓಣಿಯ ಸಪ್ಪಳವೆಲ್ಲಾ ಆಕಿಗೆ ಬಾಯಿಪಾಠ. ಕಾಯಿಪಲ್ಲೆ ಗಾಡಿ ಸ್ಪೀಕರ್ ಹಾಕಿಕೊಂಡು ಬರುತ್ತದಲ್ಲ, ಅದರ ಹಾಗೆಯೇ ಮೂಗಿನಲ್ಲಿ ಕೂಗುತ್ತಾಳೆ: "ಉಳ್ಳಾಗಡ್ಡೀ, ಬಟಾಟೀ, ಟಮಾಟೀ!" ಆಮೇಲೆ ನನ್ನ ದನಿ ತೆಗೆಯುತ್ತಾಳೆ: "ಏ ತಮ್ಮಾ, ಇವೇನ ಬದನಿಕಾಯಿನೋ ನಿಮ್ಮ ಮುತ್ಯಾನ ಮಾರಿನೋ?" ನಾನು ಅಷ್ಟು ಕೆಟ್ಟದಾಗಿ ಮಾತಾಡುತ್ತೇನೇನು ಅಂದರೆ, "ಇಲ್ಲ ಆಯಿ, ನಾ ಕಮ್ಮಿ ಮಾಡೇನಿ" ಅನ್ನುತ್ತಾಳೆ. ಹನ್ನೊಂದು ವರ್ಷದ ಹುಡುಗಿ.

ಇನ್ನು ನಾನು ಬರೆಯಲಿಕ್ಕೆ ಕೂತ ಮಾತಿಗೆ ಬರುತ್ತೇನೆ. ಇದನ್ನು ಪೂನಮಳ ಕಿವಿಗೆ ಹಾಕಬೇಡಿ. ಹಾಕುವುದೇ ಆದರೆ ನನಗೆ ಮೊದಲು ಹೇಳಿ, ನಾನೇ ಹಾಕುತ್ತೇನೆ.

ಮೊನ್ನೆ ಶುಕ್ರವಾರ ಮಧ್ಯಾಹ್ನ ಹುಡುಗಿ ಬಹಳ ದಿನಗಳ ಮೇಲೆ ತಾನಾಗಿಯೇ ಗೋಡೆಗೆ ಒರಗಿ ಕೂತಳು. ತನ್ನ ಸಾಲಿಯ ಮಾಸ್ತರು ಹಾಜರಿ ಕರೆಯುವುದನ್ನು ಮಾಡಿ ತೋರಿಸಿದಳು. ಒಬ್ಬೊಬ್ಬರ ಹೆಸರಿಗೂ ಒಂದೊಂದು ದನಿ. ಮಿನಾಜ ಅನ್ನುವ ಹುಡುಗಿ ತೂಕಡಿಸಿಕೊಂಡೇ ಹಾಜರ್ ಅನ್ನುತ್ತಾಳಂತೆ. ಅರ್ಬಾಜ ಅನ್ನುವವನು ಗೈರು ಇರುವವನ ಹೆಸರಿಗೂ ಹಾಜರ್ ಅನ್ನುತ್ತಾನಂತೆ. ನಾನು ನಕ್ಕೆ, ಸಾಬವ್ವ. ನನ್ನ ನಗೆ ನನಗೇ ಹೊಸದಾಗಿ ಕೇಳಿಸಿತು. ಗೋಡೆಯ ಗಡಿಯಾರ ಎದುರಿಗೇ ಇತ್ತು. ಔಷಧದ ಹೊತ್ತು ಆಗಿದೆ ಅಂತ ನೋಡಿದೆ. ಕಾಣಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ, ನೋಡಿದೆ. ಕೊಟ್ಟರೆ ಮಲಗುತ್ತಾಳೆ, ಮತ್ತೆ ನಾನು ಮತ್ತು ಫ್ರಿಜ್ಜು. ಇನ್ನೊಂದು ಹೆಸರು ಮುಗಿಯಲಿ ಅಂದುಕೊಂಡೆ. ಆಮೇಲೆ ಮತ್ತೊಂದು.

ನಡುವೆ ಆಕಿಯ ದನಿ ನಿಂತಿತು. ಹಣೆಯ ಮೇಲೆ ಬೆವರು. ಮೆಲ್ಲಗೆ, "ಆಯಿ, ಔಷಧ" ಅಂದಳು. ಅಷ್ಟೇ. ಯಾಕೆ ತಡ ಮಾಡಿದೆ ಅಂತ ಕೇಳಲಿಲ್ಲ. ಅವಸರದಲ್ಲಿ ಸಿರಿಂಜಿನ ಔಷಧ ಅರ್ಧ ಆಕಿಯ ಗದ್ದದ ಮೇಲೆ ಹೋಯಿತು. ಮತ್ತೆ ಎಷ್ಟು ಕೊಡಬೇಕು ಅಂತ ತಿಳಿಯದೆ ಸುರೈಯಾಗೆ ಫೋನ್ ಮಾಡಿದೆ. ಆಕೆ ಹೇಳಿದಷ್ಟು ಕೊಟ್ಟೆ. ನೋವು ಇಳಿಯುವ ತನಕ ಹುಡುಗಿ ನನ್ನ ಬೆರಳು ಹಿಡಿದುಕೊಂಡಿದ್ದಳು. ನೀವು ಅವತ್ತು ಬಾಟಲಿ ಹಿಡಿದು ನಿಂತ ನಿಲುವು ನನಗೆ ಆಗ ಕಣ್ಣಿಗೆ ಕಟ್ಟಿತು. ನಿಮಗಾದರೂ ಹತ್ತು ಮಂದಿಯ ಒತ್ತಾಯ ಇತ್ತು. ನನಗೆ ಯಾರ ಒತ್ತಾಯ ಇತ್ತು?

ಸುರೈಯಾ ಬಂದ ಕೂಡಲೇ ಎಲ್ಲಾ ಹೇಳಿದೆ. ನನಗೂ ನಾಲ್ಕು ಬೈ ಅಂದೆ. "ಬೈಯಾಕ ನನಗ ಪಗಾರ ಕೊಡಂಗಿಲ್ರಿ ಆಯಿ" ಅಂದಳು, ನಗಲಿಲ್ಲ. ಹುಡುಗಿಯನ್ನು ನೋಡಿ, ಮಗ್ಗುಲು ಬದಲಿಸಿ, ನನ್ನ ಹತ್ತಿರ ಬಂದು ಕೂತಳು. "ಇನ್ನ ಮುಂದ ಆಕಿ ಮಲಗೂದ ಹೆಚ್ಚಾಕ್ಕೈತಿ. ಅದು ಔಷಧದ್ದಲ್ಲ, ಬ್ಯಾನಿದು. ಮಾತಾಡೂ ಹೊತ್ತು ಇನ್ನ ಸ್ವಲ್ಪ ಐತಿ. ನೋವಿಲ್ಲದಾಗ ಆಡಿದ ಮಾತ ಖರೇ ಮಾತ್ರಿ. ನೀವೊಬ್ಬರ ಇದನ್ನ ಹೊರಬ್ಯಾಡ್ರಿ, ಇನ್ನೊಬ್ಬರನ್ನ ಕರಕೊಳ್ರಿ." ಅದಕ್ಕೇ ಕರೆಯುತ್ತಿದ್ದೇನೆ.

ನಡೆಯುವುದು ಹೀಗೆ. ಔಷಧ ನಾನು ಕೊಡುತ್ತೇನೆ, ಹೊತ್ತಿಗೆ ಸರಿಯಾಗಿ. ನಾನು ತಪ್ಪಿದರೆ ನೀವು ನನ್ನ ಕೈ ಹಿಡಿದು ಎಬ್ಬಿಸಬೇಕು. ನೀವು ತಪ್ಪಿದರೆ ಎಬ್ಬಿಸುವುದಕ್ಕೆ ನಾನಂತೂ ಇದ್ದೇ ಇರುತ್ತೇನೆ, ಆ ಕೊರತೆ ನಿಮಗಿಲ್ಲ. ಆಕಿಯ ಬಾಜೂಕ ಕೂತು ನಿಮಗೆ ಬರುವ ಹಳೆಯ ಕತೆ ಹೇಳಿ. ನನಗೆ ಕತೆ ಬರುವುದಿಲ್ಲ, ಎರಡನೇ ಮಾತಿಗೇ ಸಿಟ್ಟು ಬರುತ್ತದೆ. ಅಳು ಬಂದರೆ ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಳ್ಳಿ. ನೀರಿನ ಸಪ್ಪಳಕ್ಕೆ ಹೊರಗೆ ಕೇಳುವುದಿಲ್ಲ, ನನಗೆ ಗೊತ್ತು. ಪೂನಮಳ ತಲೆಗೆ ಎಣ್ಣೆ ಹಚ್ಚಿ. ನಾನು ಹಚ್ಚಲಿಕ್ಕೆ ಹೋದರೆ ಒಲ್ಲೆ ಅನ್ನುವುದಿಲ್ಲ, ಆದರೆ ಕಟ್ಟಿಗೆಯ ಹಾಗೆ ಕೂಡುತ್ತಾಳೆ.

ಸೀರೆ ಹೆಚ್ಚಿಗೆ ತನ್ನಿ. ಎಷ್ಟು ದಿನಕ್ಕೆ ಅಂತ ಕೇಳಬೇಡಿ. ತಿಕೋಟಾದಾಕಿಯನ್ನು ಕರೆತರಬೇಡಿ, ಆಕಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಬಸ್‌ಸ್ಟ್ಯಾಂಡಿಗೆ ಗೌತಮ ಬರುತ್ತಾನೆ, ಅವನಿಗೆ ಏನೂ ಕೇಳದೆ ಗಾಡಿಯ ಹಿಂದೆ ಕೂತುಬಿಡಿ. ನನ್ನ ಹಾಸಿಗೆಯ ಬಾಜೂಕ ನಿಮ್ಮ ಹಾಸಿಗೆ ಹಾಸುತ್ತೇನೆ. ಗೊರಕೆ ಹೊಡೆದರೆ ಎಬ್ಬಿಸುತ್ತೇನೆ, ಈಗಲೇ ಹೇಳಿದ್ದೇನೆ.

ಇಷ್ಟು ಬರೆಯಲಿಕ್ಕೆ ಮೂರು ಹಾಳೆ ಹರಿದೆ. ಇದನ್ನೂ ಹರಿಯುವುದರೊಳಗೆ ಮಡಚುತ್ತೇನೆ.

ನಿಮ್ಮ ಬೀಗತಿ,
ಪರಸವ್ವ

ತಾ.ಕ. ಸುರೈಯಾ ಹೇಳಿದ್ದಕ್ಕೆ ಕರೆಯುತ್ತಿದ್ದೇನೆ ಅಂತ ಮೇಲೆ ಬರೆದೆ. ಅದು ಅರ್ಧ. ಅವತ್ತು ನಾನು ಚಹಾ ಇಡಲಿಕ್ಕೆ ಅಡಿಗೆ ಮನೆಗೆ ಹೋದಾಗ ಹುಡುಗಿ ಸುರೈಯಾಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಅಕ್ಕಾ, ಬಬಲೇಶ್ವರ ಆಯಿನ್ನ ಹೆಂಗರ ಮಾಡಿ ಕರಸ್ರಿ. ಮಮ್ಮಿಗೆ ಪಪ್ಪಾ ಅದಾನ, ಪಪ್ಪಾಗ ಮಮ್ಮಿ ಅದಾಳ. ನಾ ಹ್ವಾದ ಮ್ಯಾಲ ಸಾರವಾಡ ಆಯಿ ಯಾರ ಜೋಡಿ ಜಗಳಾ ಆಡಬೇಕು?" ನಾವೆಲ್ಲಾ ಆಕಿಗೆ ಏನೂ ಗೊತ್ತಿಲ್ಲ ಅಂತ ಬಾಯಿ ಬಿಗಿದುಕೊಂಡು ಕೂತಿದ್ದೆವು. ಬಂದ ಕೂಡಲೇ, ಚಪ್ಪಲಿ ಬಿಡುವ ಮೊದಲೇ, ಆಕಿಯ ಮಂಚದ ಮುಂದೆ ನಿಂತು ನನಗೆ ಬೈಯಿರಿ. ಬುತ್ತಿಯದ್ದೂ ಸೇರಿಸಿ ಬೈಯಿರಿ, ಜೋರಾಗಿ. ನಾನೂ ಬಿಡುವುದಿಲ್ಲ. ಆಕಿ ನೋಡಲಿ.