ಬ್ರೇಕು ಈಗ ಬಲಗಾಲಿಗೆ

ಜೂನ್ 3, ಸೋಮವಾರ

ಇವತ್ತು ಹದಿನಾಲ್ಕು ಜನರ ಕಣ್ಣು ನೋಡಿದೆ. 'ಇದು ಸ್ಪಷ್ಟವಾ? ಈಗ? ಇದಾ, ಅದಾ?' ಬಾಯಿ ಒಣಗಿತು. ಹದಿನಾಲ್ಕನೆಯವರು ಹೇಳಿದ್ದು: "ಎರಡೂ ಒಂದೇ ಥರ ಕಾಣುತ್ತೆ, ನೀವೇ ಹೇಳಿಬಿಡಿ." ಅವರ ಕಣ್ಣು, ನಾನು ಹೇಳಬೇಕಂತೆ! ಕನ್ನಡಕದ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಕಳೆದರೂ ಈ ಮಾತು ಕೇಳಿದರೆ ಮೈ ಉರಿಯುತ್ತದೆ.

ಮನೆಗೆ ಬಂದರೆ ಗೇಟಿನೊಳಗೆ ಒಂದು ಬೈಕು. ಕಪ್ಪು. ಸೆಕೆಂಡ್ ಹ್ಯಾಂಡ್. ಪಕ್ಕದಲ್ಲಿ ಮೆಟ್ಟಿಲ ಮೇಲೆ ಅಕ್ಕ, ಎಂದಿನಂತೆ ಒಂದು ಕಾಲು ನೆಟ್ಟಗೆ ಚಾಚಿಕೊಂಡು. ಆ ಮೊಣಕಾಲು ಮಡಚುವುದಿಲ್ಲ. ಅವಳು ಎಲ್ಲಿ ಕೂತರೂ ಆ ಕಾಲು ದಾರಿಗೆ ಅಡ್ಡ. ಇವತ್ತೂ ಎಡವಿದೆ.

"ಡೆಂಟಲ್ ಡಾಕ್ಟ್ರದ್ದು. ಅವರು ಕಾರು ತಗೊಂಡ್ರು. ಇದು ನಮಗೆ."

"ನಮಗ್ಯಾಕೆ?"

"ಬಸ್ಸು ನಿಲ್ಸಿದಾರಲ್ಲ. ನಾನೇನು ಲ್ಯಾಬಿಗೆ ಹಾರ್ಕೊಂಡು ಹೋಗ್ಲಾ? ನಿನಗೆ ಓಡ್ಸೋಕೆ ಬರುತ್ತೆ."

"ಬರ್ತಿತ್ತು. ಇಪ್ಪತ್ನಾಲ್ಕು ವರ್ಷದ ಹಿಂದೆ."

"ಬಂದಿದ್ದು ಎಲ್ಲಿಗೆ ಹೋಗುತ್ತೆ?"

ದನಿ ಏರಿಸುವುದಿಲ್ಲ ಅವಳು. ಮೆಲ್ಲಗೆ ಹೇಳಿಯೇ ಜೀವ ತಿನ್ನುತ್ತಾಳೆ.

ಅವಳ ಮಾತಲ್ಲಿ ತಪ್ಪೂ ಇಲ್ಲ, ಅದೇ ಕಷ್ಟ. ಕಟ್ಟುಹಲ್ಲು ಮಾಡುವ ಲ್ಯಾಬು ದಿಬ್ಬದ ಆಚೆ. ಆ ಏರು ಅಂದರೆ ಟ್ಯಾಕ್ಸಿಯವರು ಕ್ಯಾನ್ಸಲ್ ಒತ್ತುತ್ತಾರೆ. ಮೂರು ವಾರದಿಂದ ದಿನಾ ತಡ. ಬೇರೆಯವರನ್ನು ನೋಡುತ್ತೇನೆಂದು ಲ್ಯಾಬಿನ ಯಜಮಾನರು ಹೇಳಿಯಾಗಿದೆ. ಆ ಕೆಲಸ ಹೋದರೆ ಅಕ್ಕ ಇಡೀ ದಿನ ಮನೆಯಲ್ಲಿ... ಬೇಡ, ಯೋಚನೆಯೇ ಬೇಡ. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ.

ಸ್ಕೂಟರ್ ಆಗದಾ ಅಂದೆ. ಸಣ್ಣ ಗಾಲಿಯಂತೆ, ಆ ರಸ್ತೆಯ ಗುಂಡಿಗಳಲ್ಲಿ ಅವಳ ಸ್ವಂತ ಹಲ್ಲೂ ಉದುರುತ್ತವಂತೆ.

ಜೂನ್ 5, ಬುಧವಾರ

ಹೆಲ್ಮೆಟ್ ತಂದೆ. ಹಾಕಿಕೊಂಡೆ. ತೆಗೆಯಲು ಬರಲಿಲ್ಲ. ಕಿವಿ ಒಳಗೆ ಸಿಕ್ಕಿಕೊಂಡು ಕಣ್ಣಲ್ಲಿ ನೀರು. ಅಷ್ಟರಲ್ಲಿ ಕೆಳಗಿನ ಮನೆಯ ಸಲಹೆಗಾರರು ಹಾಜರ್. (ಅವರ ನಿಜವಾದ ಕೆಲಸ ಏನೋ ಗೊತ್ತಿಲ್ಲ, ಸಲಹೆ ಕೊಡುವುದಂತೂ ಫುಲ್ ಟೈಮ್.)

"ಈ ವಯಸ್ಸಲ್ಲಿ ಯಾಕಮ್ಮಾ ಇದೆಲ್ಲ? ಮೂಳೆ ಕೂಡೋದಿಲ್ಲ."

ಹೆಲ್ಮೆಟ್ಟಿನೊಳಗಿಂದಲೇ ಬೈದೆ. ಕೇಳಿಸಿರಲಿಕ್ಕಿಲ್ಲ. ಪಟ್ಟಿ ಬಿಚ್ಚಿ ಎರಡೂ ಕಡೆ ಅಗಲಿಸಿ ಎಳೆಯಬೇಕೆಂದು ಆಮೇಲೆ ಅಕ್ಕ ತೋರಿಸಿದಳು. ಅವಳಿಗೆ ಹೇಗೆ ಗೊತ್ತು? ತನಗೂ ಒಂದು ತಂದಿಟ್ಟುಕೊಂಡಿದ್ದಾಳೆ. ಪ್ರಾಕ್ಟೀಸ್ ಮಾಡುತ್ತಿದ್ದಳಂತೆ!

ಲೈಸೆನ್ಸ್ ಹುಡುಕಿದೆ. ಇದೆ. ಪ್ರತಿ ಸಲ ತಪ್ಪದೆ ರಿನ್ಯೂ ಮಾಡಿಸಿದ್ದೇನೆ. ಯಾಕೆ ಅಂತ ಮಾತ್ರ ಕೇಳಬೇಡಿ.

ಜೂನ್ 9, ಭಾನುವಾರ, ಬೆಳಿಗ್ಗೆ 9

ಡ್ರೈವಿಂಗ್ ಸ್ಕೂಲಿನ ಮೈದಾನ. ಕಲಿಸುವವಳಿಗೆ ಇಪ್ಪತ್ತಾರು ಇರಬಹುದು. ಒಂದು ಗಂಟೆಯಲ್ಲಿ ನಲವತ್ತು ಸಲ 'ಆಂಟಿ' ಅಂದಳು. ಎಣಿಸಿದ್ದೇನೆ.

ಬಂಡಿ ಹೊರಟಿತು. ಮೈಗೆ ಗಾಳಿ ತಾಗಿದ್ದೇ ತಡ, ಒಳಗೆ ಏನೋ ಎದ್ದು ಕೂತ ಹಾಗಾಯಿತು. ಇಪ್ಪತ್ನಾಲ್ಕು ವರ್ಷ ಯಾಕೆ ಬಿಟ್ಟಿದ್ದೆನೋ ಅನ್ನಿಸುವಷ್ಟು ಖುಷಿ. ಎರಡು ಸುತ್ತು ಹಾಕಿದೆ. ಮೂರನೆಯದರಲ್ಲಿ ಅವಳು "ಸ್ಟಾಪ್!" ಅಂದಳು. ಎಡಗಾಲು ಒತ್ತಿದೆ. ಬಂಡಿ ನಿಲ್ಲಲಿಲ್ಲ. ಗೇರು ಬದಲಾಯಿತು. ಕೈಯಲ್ಲೂ ಒಂದು ಬ್ರೇಕಿದೆ ಅಂತ ನೆನಪಾಗುವಷ್ಟರಲ್ಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಗುದ್ದಿಯಾಗಿತ್ತು.

ಅವಳು ಓಡಿ ಬಂದು ಮೊದಲು ನೋಡಿದ್ದು ನನ್ನ ಕಾಲನ್ನು. "ಆಂಟಿ, ನೀವು ಹಳೇ ಗಾಡೀಲಿ ಕಲ್ತಿರೋದಲ್ವಾ? ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ? ನಮ್ ತಾತನ ಗಾಡಿ ಹಾಗೇ ಇತ್ತು."

ತಾತ!

"ಈಗೆಲ್ಲ ಉಲ್ಟಾ ಆಂಟಿ. ತಲೆಗೆ ಗೊತ್ತಿರುತ್ತೆ, ಗಾಬರಿ ಆದಾಗ ಕಾಲು ಹಳೇದನ್ನೇ ಮಾಡುತ್ತೆ. ಇದು ಹೋಗೋವರ್ಗೂ ಯಾರನ್ನೂ ಹಿಂದೆ ಕೂರಿಸ್ಕೋಬೇಡಿ."

ಜೂನ್ 9, ಮಧ್ಯಾಹ್ನ

ಊಟ ಸೇರಲಿಲ್ಲ. ಬರೆದುಬಿಡುತ್ತೇನೆ. ಎಲ್ಲಾದರೂ ಒಂದು ಕಡೆ ಇರಲಿ.

ಆಗ ನನಗೆ ಇಪ್ಪತ್ತಾರು. ಓಡಿಸುತ್ತಿದ್ದುದು ಅಪ್ಪನ ಹಳೇ ಬೈಕು, ಎಡಗಾಲಿನ ಬ್ರೇಕಿನದು. ಆ ದಿನ ಅದು ರಿಪೇರಿಗೆ ಹೋಗಿತ್ತು. ಜೊತೆಯಲ್ಲಿ ಕೆಲಸ ಮಾಡುವವನ ಹೊಸ ಬೈಕು ಕೇಳಿ ತಂದೆ. 'ಗೇರು ಆ ಕಡೆ ಇದೆ, ನೋಡ್ಕೊಳ್ಳಿ' ಅಂದ. 'ನನಗೆ ಹೇಳಿಕೊಡಬೇಡ' ಅಂದೆ. ಅಷ್ಟು ಜಂಬ. ಅಕ್ಕನನ್ನು ಹಿಂದೆ ಕೂರಿಸಿಕೊಂಡು ಹೊರಟೆ.

ರಸ್ತೆ ಬದಿಯಲ್ಲಿ ನಾಯಿ ಕಂಡಿತು. ಚೆನ್ನಾಗಿಯೇ ಕಂಡಿತು, ದೂರದಿಂದಲೇ. ಅದು ರಸ್ತೆಗೆ ಇಳಿಯಿತು. ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು. ಅಕ್ಕ "ನಾಯಿ!" ಅಂತ ಕಿರುಚುವ ಮೊದಲೇ ನಾನು ಒತ್ತಿದ್ದೆ. ಎಡಗಾಲನ್ನು.

ನನಗೆ ಮೊಣಕೈ ತರಚಿತು. ಅವಳ ಮೊಣಕಾಲು ಕಲ್ಲಿಗೆ ಬಡಿದು ಪುಡಿಯಾಯಿತು.

ಮರುದಿನ ಆಸ್ಪತ್ರೆಯ ಹಾಸಿಗೆಯಿಂದ ಅವಳೇ ನನ್ನ ಕೈ ಹಿಡಿದುಕೊಂಡಳು. "ನಾನು ಕಿರುಚಬಾರ್ದಿತ್ತು ಕಣೇ. ನೀನು ಬೆಚ್ಚಿಬಿದ್ದೆ." ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಅತ್ತೆ, ಅಷ್ಟೆ. ಎಲ್ಲರೂ ಅವಳನ್ನೇ ಗದರಿದರು. ಓಡಿಸುವವಳ ಕಿವಿಯಲ್ಲಿ ಯಾರಾದರೂ ಹಾಗೆ ಕೂಗುತ್ತಾರಾ ಅಂತ. ನಾನು ಅಲ್ಲೇ ನಿಂತಿದ್ದೆ.

ನಾಚಿಕೆಗೆಟ್ಟವಳು. ನನಗೇ ಹೇಳಿಕೊಳ್ಳುತ್ತಿರುವುದು.

ಜೂನ್ 16, ಭಾನುವಾರ

ವಾರವಿಡೀ ಬೆಳಿಗ್ಗೆ ಆರಕ್ಕೆ ಮೈದಾನ. ಬಲಗಾಲಿನ ಶೂಗೆ ಕೆಂಪು ಟೇಪು ಸುತ್ತಿದ್ದೇನೆ. 'ಬಲ ಬಲ ಬಲ' ಅಂತ ಜಪ. ಅಂಗಡಿಯಲ್ಲಿ ಒಬ್ಬರ ಎಡಗಣ್ಣು ನೋಡುತ್ತಾ "ಬಲ" ಅಂದುಬಿಟ್ಟೆ. ಅವರು ಪಾಪ ಕಣ್ಣು ಬದಲಾಯಿಸಿದರು.

ಇವತ್ತು ಮೆಕ್ಯಾನಿಕ್ ಹತ್ತಿರ ಹೋದೆವು. ಅಕ್ಕನ ಕಾಲು ಚಾಚಿಯೇ ಇರಬೇಕಲ್ಲ, ಅದಕ್ಕೆ ಮುಂದಕ್ಕೊಂದು ಉದ್ದನೆಯ ಕಾಲೊರಗು ಮಾಡಿಸಲು. ಅವನು ಟೇಪು ಹಿಡಿದು ಅವಳ ಕಾಲಿನ ಅಳತೆ ತೆಗೆದುಕೊಂಡ. ಎರಡು ಸಲ ಅಳೆದ. ಒಳ್ಳೆಯ ಕೆಲಸಗಾರ. ಹೇಗಾಯ್ತಮ್ಮಾ ಅಂತ ಕೇಳಿದ.

"ಬಿದ್ದದ್ದು. ಇವಳು ಚೆನ್ನಾಗೇ ಓಡಿಸ್ತಿದ್ಲು. ನಾನೇ ಕಿರುಚಿ ಕೆಡಿಸ್ದೆ. ಪಾಪ, ಅವತ್ತಿಂದ ಗಾಡಿ ಮುಟ್ಟೋದೇ ಬಿಟ್ಳು. ಅದಕ್ಕೇ ಈಗ ನಾನೇ ಹಟ ಮಾಡಿ ತಂದಿದೀನಿ."

ಓಹೋ. ಬಸ್ಸು ಬರೀ ನೆಪ. ನನ್ನ ಬೈಕು ನನಗೆ ವಾಪಸ್ ಕೊಡಿಸುವ ಉಪಕಾರ ನಡೆಯುತ್ತಿದೆ. ಬೇಡ ತಾಯೀ ಬೇಡ, ಅಂತ ಕಾಲಿಗೆ ಬೀಳಬೇಕೆನ್ನಿಸಿತು. ವೆಲ್ಡಿಂಗ್ ಶುರುವಾಯಿತು. ಆ ಕಿಡಿಯನ್ನು ಬರಿಗಣ್ಣಲ್ಲಿ ನೋಡಬಾರದೆಂದು ದಿನಾ ಹತ್ತು ಜನಕ್ಕೆ ಹೇಳುವವಳು ನಾನು. ಅದನ್ನೇ ನೋಡುತ್ತಾ ನಿಂತೆ. ಅಕ್ಕನ ಮುಖ ನೋಡುವುದಕ್ಕಿಂತ ಸುಲಭವಾಗಿತ್ತು.

ಜೂನ್ 22, ಶನಿವಾರ

ಕಲಿಸುವವಳು ಒಪ್ಪಿಗೆ ಕೊಟ್ಟಳು. ಹನ್ನೆರಡು ಸಲ 'ಸ್ಟಾಪ್' ಅಂದಳು, ಹನ್ನೆರಡು ಸಲವೂ ಬಲಗಾಲು. ಸಂಜೆ ಅಕ್ಕನನ್ನು ಕೂರಿಸಿಕೊಂಡು ನಮ್ಮ ಬೀದಿ ಸುತ್ತಿದೆ.

ಮನೆಯಲ್ಲಿ ಇಡೀ ದಿನ ತಲೆ ತಿನ್ನುವವಳು ಬೈಕಿನ ಮೇಲೆ ಕಲ್ಲು. ಒಂದು ಸದ್ದಿಲ್ಲ. ಎರಡನೇ ತಿರುವಿನಲ್ಲಿ ನಿಂತಿದ್ದ ಕಾರಿನವನು ದಢಾರನೆ ಬಾಗಿಲು ತೆಗೆದ. ಅವಳಿಗೆ ಮೊದಲೇ ಕಂಡಿರಬೇಕು, ನನ್ನ ಸೊಂಟವನ್ನು ಉಗುರು ಇಳಿಯುವ ಹಾಗೆ ಹಿಡಿದಳು. ಬಾಯಿ ಮಾತ್ರ ಬಿಡಲಿಲ್ಲ. ಒಂದು ಗೇಣಿನಲ್ಲಿ ನಿಂತೆವು. ಬಲಗಾಲು ಸರಿಯಾಗಿಯೇ ಒತ್ತಿತು, ಅಷ್ಟು ಸಮಾಧಾನ. ಇಳಿದು ತಿರುಗಿ ನೋಡಿದರೆ ಕರ್ಚೀಫು ಕಚ್ಚಿಕೊಂಡು ಕೂತಿದ್ದಾಳೆ!

"ಕಂಡಿದ್ರೆ ಹೇಳೋಕೇನು ರೋಗ? ಬಾಯಿಲ್ವಾ ನಿನಗೆ?" ಬೀದಿಯಲ್ಲೇ ರೇಗಿದೆ.

ಕರ್ಚೀಫು ತೆಗೆದು, ಮಡಚಿ, ಮೆಲ್ಲಗೆ: "ನಾನು ಬಾಯಿ ಬಿಟ್ಟಿದ್ದಕ್ಕೆ ಏನಾಯ್ತು ಅಂತ ಗೊತ್ತಲ್ಲ."

ಹೇಳದಿದ್ದರೆ ಇವಳನ್ನು ಹಿಂದೆ ಕೂರಿಸುವ ಹಾಗಿಲ್ಲ. ಹೇಳಿದರೆ ಇವಳು ಕೂರುತ್ತಾಳೋ ಇಲ್ಲವೋ.

ಜೂನ್ 23, ಭಾನುವಾರ

ಮೂರು ಸಲ ಶುರು ಮಾಡಿದೆ. ಮೊದಲ ಸಲ ಸಲಹೆಗಾರರು ಬಂದು ಟೈರಿನ ಗಾಳಿಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಎರಡನೇ ಸಲ ಅಕ್ಕ ಕೆಳಸಾಲಿನ ಹಲ್ಲಿನ ಸೆಟ್ಟೊಂದನ್ನು ಮುಖದ ಹತ್ತಿರ ಹಿಡಿದುಕೊಂಡು ನೋಡುತ್ತಿದ್ದಳು. ಅದರ ಜೊತೆ ಅಂಥ ಮಾತು ಆಡಲು ಆಗುವುದಿಲ್ಲ. ಮೂರನೇ ಸಲ ಯಾವ ಅಡ್ಡಿಯೂ ಇರಲಿಲ್ಲ. "ಅಕ್ಕಾ" ಅಂದೆ. "ಏನು?" "ಉಪ್ಪು ಖಾಲಿ ಆಗಿದೆ."

ಡಬ್ಬಿ ತುಂಬಾ ಉಪ್ಪಿತ್ತು.

ಜೂನ್ 24, ಸೋಮವಾರ

ಹೇಳಿದೆ. ಅವಳು ಟೀ ಸೋಸುತ್ತಿದ್ದಳು. ಒಂದೇ ಉಸಿರಿಗೆ ಹೇಳಿದೆ. ನಾಯಿ ಮೊದಲೇ ಕಂಡಿತ್ತು, ನೀನು ಕೂಗಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ, ನಾನು ತಪ್ಪು ಕಾಲು ಒತ್ತಿದೆ.

ಸೋಸುವುದನ್ನು ಪೂರ್ತಿ ಮುಗಿಸಿದಳು. "ಯಾವಾಗಿಂದ ಗೊತ್ತು ನಿನಗೆ?"

"ಅವತ್ತೇ. ಬೀಳೋಕೆ ಮುಂಚೆನೇ."

ಎರಡು ಲೋಟಕ್ಕೂ ಹಾಕಿದಳು. ನನ್ನದನ್ನು ನನ್ನ ಮುಂದೆ ಇಟ್ಟಳು. ತನ್ನದನ್ನು ಸಿಂಕಿಗೆ ಸುರಿದು ಕೋಣೆಗೆ ಹೋದಳು.

ಜೂನ್ 27, ಗುರುವಾರ

ಮಾತಿಲ್ಲ. ಬೆಳಿಗ್ಗೆ ಆರೂವರೆಗೇ ಹೊರಟುಬಿಡುತ್ತಾಳೆ. ನಡೆದು! ಆ ಕಾಲಿನಲ್ಲಿ ಆ ದಿಬ್ಬ. ಒಂದು ಗಂಟೆ ಇಪ್ಪತ್ತು ನಿಮಿಷ. ನಾನು ಬೈಕಿನಲ್ಲಿ ಹಿಂದೆ ಹಿಂದೆ ಹೋದೆ, ಮೊದಲ ಗೇರಿನಲ್ಲಿ, ಎಂಜಿನ್ ಕುದಿಯುವವರೆಗೆ. ತಿರುಗಿಯೂ ನೋಡಲಿಲ್ಲ. ಜನ ನೋಡಿದರು.

ನನಗೆ ಹೇಳಬೇಕಾದ್ದನ್ನೆಲ್ಲ ಸಲಹೆಗಾರರ ಮೂಲಕ ಹೇಳಿಸುತ್ತಾಳೆ. 'ಗ್ಯಾಸ್ ಬುಕ್ ಮಾಡ್ಬೇಕಂತೆ ಅಮ್ಮಾ.' ಅವರಿಗೋ, ಬದುಕಿನಲ್ಲಿ ಇಷ್ಟು ಸಂತೋಷ ಎಂದೂ ಸಿಕ್ಕಿರಲಿಕ್ಕಿಲ್ಲ.

ಜುಲೈ 4, ಗುರುವಾರ

ಹನ್ನೊಂದನೇ ದಿನ. ಅವಳ ಇನ್ನೊಂದು ಕಾಲು ಊದಿದೆ. ಬಿಸಿನೀರು ಇಟ್ಟೆ. ಮುಟ್ಟಲಿಲ್ಲ.

ಜುಲೈ 7, ಭಾನುವಾರ

ಮಾತಾಡಿದಳು. ಬಟ್ಟೆ ಒಣಹಾಕುತ್ತಿದ್ದೆ. ಹಿಂದೆ ಬಂದು ನಿಂತಳು.

"ಕಾಲಿಗಲ್ಲ ನನಗೆ ಕೋಪ. ಕಾಲು ಯಾರಿಗೆ ಬೇಕಾದ್ರೂ ಮುರಿಯುತ್ತೆ. ಅಮ್ಮ ಬಚ್ಚಲಲ್ಲಿ ಜಾರಿದ್ಲಲ್ಲ, ಕೈ ಮುರೀತಲ್ಲ. ನಾನು ಬಾಗಿಲಲ್ಲೇ ಇದ್ದೆ. ಸೋಪಿನ ನೀರು ಕಾಣ್ತಿತ್ತು. ಕೂಗಬೇಕು ಅಂದ್ಕೊಂಡೆ, ಕೂಗಿದ್ರೆ ಬೆಚ್ಚಿ ಬಿದ್ದುಬಿಟ್ರೆ ಅಂತ ಸುಮ್ನಾದೆ. ಇಪ್ಪತ್ನಾಲ್ಕು ವರ್ಷ ನನ್ನ ಬಾಯಿ ಕಟ್ಟಿಹಾಕ್ದೆಯಲ್ಲೇ ನೀನು. ಒಂದ್ ಮಾತು. ಒಂದ್ ಮಾತು ಹೇಳಿದ್ರೆ ಆಗ್ತಿತ್ತು."

ಕೈಯಲ್ಲಿದ್ದ ಒದ್ದೆ ಟವೆಲ್ ಹಿಂಡುತ್ತಲೇ ಇದ್ದೆ, ನೀರು ಬರುವುದು ನಿಂತ ಮೇಲೂ. ತಪ್ಪಾಯ್ತು ಅಂದೆ. ಗೊತ್ತು ಅಂದಳು. ಅಮ್ಮ ಜಾರಿದಾಗ ಅವಳು ಬಾಗಿಲಲ್ಲೇ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಜುಲೈ 8, ಸೋಮವಾರ, ಸಂಜೆ

ಬೆಳಿಗ್ಗೆ ಗೇಟು ತೆಗೆದರೆ ಹೆಲ್ಮೆಟ್ ಹಾಕಿಕೊಂಡು ಬೈಕಿನ ಪಕ್ಕ ನಿಂತಿದ್ದಾಳೆ.

"ಕ್ಷಮಿಸಿಬಿಟ್ಟಿದೀನಿ ಅಂದ್ಕೋಬೇಡ. ಇರೋ ಇನ್ನೊಂದು ಕಾಲು ಉಳಿಸ್ಕೋಬೇಕು, ಅದಕ್ಕೆ."

ಹತ್ತಿದಳು. ಉದ್ದನೆಯ ಕಾಲೊರಗಿನ ಮೇಲೆ ಕಾಲು ಇಟ್ಟಳು. ಗೇಟು ದಾಟಿದೆವೋ ಇಲ್ಲವೋ, ನನ್ನ ಕಿವಿಯ ಹತ್ತಿರ ಒಂದು ಸೈರನ್ ಶುರುವಾಯಿತು.

"ಹಂಪು! ಹಂಪು ಅಂದೆ! ಎಡಕ್ಕೆ ನೋಡು! ಅಯ್ಯೋ ಸೈಕಲ್! ಬಲಗಾಲು, ಬಲಗಾಲು, ಬಲಗಾಲು!"

"ಗೊತ್ತಕ್ಕಾ!"

"ನಿನಗೆ ಗೊತ್ತಿದ್ದದ್ದು ನಾನು ನೋಡಿದೀನಿ! ಗುಂಡಿ!"

ದಿಬ್ಬದುದ್ದಕ್ಕೂ ಹೀಗೇ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಕನಿಕರದಿಂದ ನನ್ನನ್ನು ನೋಡಿದ. ಮೇಲಿನ ತಿರುವಿನಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ನನಗೆ ಕಂಡಿರಲಿಲ್ಲ. ಖಂಡಿತ ಕಂಡಿರಲಿಲ್ಲ. ಅವಳು "ಲಾರೀ!" ಅಂತ ಕಿರುಚಿದ ಮೇಲೆಯೇ ಒತ್ತಿದ್ದು. ಬಲಗಾಲನ್ನು. ನಿಂತೆವು. ಲಾರಿಯವನು ಹೆದರಿ ತಾನೂ ನಿಲ್ಲಿಸಿದ. ಅಷ್ಟು ಜೋರು.

ಲ್ಯಾಬಿನ ಮುಂದೆ ಇಳಿದು, "ಐದೂವರೆಗೆ ಬಾ, ಲೇಟ್ ಮಾಡ್ಬೇಡ" ಅಂದು ಒಳಗೆ ಹೋದಳು. ಬೇರೇನೂ ಇಲ್ಲ. ನಾನು ಮುಂದಿನ ತಿರುವಿನಲ್ಲಿ ನಿಲ್ಲಿಸಿ ಅತ್ತೆ. ಹೆಲ್ಮೆಟ್ಟಿನ ಗಾಜಿಗೆಲ್ಲ ಆವಿ. ತೆಗೆಯೋಣವೆಂದರೆ ದರಿದ್ರದ್ದು ಕಿವಿಯಲ್ಲಿ ಸಿಕ್ಕಿಕೊಂಡಿತು.

ಜುಲೈ 9, ಮಂಗಳವಾರ, ಬೆಳಿಗ್ಗೆ 7.40

ತಲೆ ಸಿಡಿಯುತ್ತಿದೆ. ನಿನ್ನೆ ಬರುವಾಗಲೂ ಅದೇ ಗಲಾಟೆ. ಊಟಕ್ಕೆ ಕೂತಾಗ, ಎಲ್ಲೆಲ್ಲಿ ಇಂಡಿಕೇಟರ್ ಹಾಕಲಿಲ್ಲ ಅಂತ ಪಾಠ. ಇವತ್ತು ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಲಾ ಅಂತ ಯೋಚಿಸಿದೆ. ಬೇಡ. ಕೇಳಿಸಲಿ.

ಗೇಟಿನಿಂದ ಕೂಗುತ್ತಿದ್ದಾಳೆ. ಇನ್ನೂ ಇಪ್ಪತ್ತು ನಿಮಿಷ ಇದೆ. ಸಲಹೆಗಾರರು ಕಿಟಕಿ ಹಾಕಿಕೊಂಡರು, ಸದ್ದು ಕೇಳಿಸಿತು. ಈಗ ನನ್ನ ಹೆಸರು ಹಿಡಿದು, ಪೂರ್ತಿ ಹೆಸರು, ಅಪ್ಪನ ಹೆಸರೂ ಸೇರಿಸಿ, ಇಡೀ ಬೀದಿಗೆ ಕೇಳಿಸುವ ಹಾಗೆ... ಬಂದೆ ಅಕ್ಕಾ, ಬಂದೆ! ಒಂದು ಸಾಲು ಬರೆಯಲೂ ಬಿಡು