ಉಡಿ ತುಂಬಲು ಕೇಳಿದ ಚೀಟಿ

ಸಿದ್ದಾಪುರದ ಜ್ಯೋತಿಲಕ್ಷ್ಮಿಗೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸುಲೋಚನಮ್ಮ ಬರೆಯುವುದು.

ಅಕ್ಷರ ನೋಡಿದ ಕೂಡಲೇ ಕಾಗದ ಹರಿದು ಹಾಕಬೇಕೆನಿಸಿದರೆ ತಪ್ಪಿಲ್ಲ. ಆದರೆ ಓದಿ ಹರಿ. ಬುಧವಾರ ಲೇಬರ್ ಆಫೀಸಿನಲ್ಲಿ ನಿನ್ನ ಕೇಸಿನ ವಿಚಾರಣೆ ಇದೆ. ಅದಕ್ಕಿಂತ ಮುಂಚೆ ಇದು ನಿನ್ನ ಕೈ ಸೇರಬೇಕು.

ನೀನು ನಮ್ಮ ಮಿಲ್ಲಿಗೆ ಬಂದಾಗ ಎಲ್ಲರಿಗೂ ಓಬಳೇಶನಾಗಿದ್ದೆ. ಮೂಟೆ ಹೊರಲು ಸೇರಿದವಳು, ಶೇಂಗಾ ಬೀಜ ಆರಿಸುವ ಹೆಂಗಸರ ಪಕ್ಕ ಕೂತುಬಿಡುತ್ತಿದ್ದೆ. ಬೂಷ್ಟು ಹಿಡಿದ ಬೀಜವನ್ನು ಕಣ್ಣಿಗಿಂತ ಮೊದಲು ನಿನ್ನ ಮೂಗು ಹಿಡಿಯುತ್ತಿತ್ತು. ಆಮೇಲೆ ಚಿತ್ರದುರ್ಗದ ಆಸ್ಪತ್ರೆಗೆ ಓಡಾಡಿದೆ, ಹೆಸರು ಬದಲಿಸಿಕೊಂಡೆ, ಡಿ.ಸಿ. ಆಫೀಸಿನಿಂದ ಹೊಸ ಹೆಸರಿನ ಗುರುತಿನ ಕಾರ್ಡು ತಂದು ತೋರಿಸಿದೆ. ನಾನು ಕನ್ನಡಕ ಏರಿಸಿ ನೋಡಿ, "ಫೋಟೋ ಚೆನ್ನಾಗಿ ಬಂದೈತೆ ಬಿಡು" ಎಂದಿದ್ದೆ. ನೀನು ನಕ್ಕಿದ್ದೆ.

ಆ ವರ್ಷ ಆಯುಧಪೂಜೆಗೆ ಮಿಲ್ಲಿನ ಹೆಂಗಸರಿಗೆಂದು ರವಿಕೆ ಕಣ ಕೊಳ್ಳಲು ನಾನೇ ಅಂಗಡಿಗೆ ಹೋದೆ. ಆರಿಸುವವರು ಹನ್ನೆರಡು ಜನ. ನಾನು ತಂದದ್ದು ಹದಿಮೂರು. ಹದಿಮೂರನೆಯದು ಗಿಳಿಹಸಿರು, ನಿನಗೆ ಒಪ್ಪುತ್ತದೆಂದು ಗಂಟೆ ಹೊತ್ತು ಹುಡುಕಿದ್ದು. ಇದನ್ನು ನಾನು ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಗೊತ್ತಿಲ್ಲದೆ ತಪ್ಪು ಮಾಡಿದೆ ಎಂದು ಜನ ನಂಬಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಪೂಜೆಯ ದಿನ ನೀವೆಲ್ಲ ಸಾಲಾಗಿ ಕೂತಿರಿ. ನೀನು ಪಾಲಮ್ಮನ ಪಕ್ಕ ಸೆರಗು ಒಡ್ಡಿ ಕೂತಿದ್ದೆ. ಹಿಂದೆ ನಮ್ಮ ಬೀಗರ ಮನೆಯ ಹೆಂಗಸರು ನಿಂತಿದ್ದರು. ಪಾಲಮ್ಮನಿಗೆ ಕುಂಕುಮ ಇಟ್ಟು, ಅಕ್ಕಿ, ಕೊಬ್ಬರಿ, ಕಣ ಹಾಕಿ ಉಡಿ ತುಂಬಿದೆ. ನಿನ್ನ ಮುಂದೆ ಬಂದೆ. ಬೀಗಿತ್ತಿಯೊಬ್ಬರು ಕೆಮ್ಮಿದರು, ಅಷ್ಟೇ. ನನ್ನ ಕೈ ನಿಂತಿತು. ಬಾಯಿ ಮಾತ್ರ ನಿಲ್ಲಲಿಲ್ಲ.

"ಹೆಣ್ಣು ಅನ್ನೋಕೆ ಡಾಕ್ಟರ್ ಚೀಟಿ ಏನಾದ್ರೂ ಐತೇನಪ್ಪಾ?" ಎಂದೆ.

ಆರು ವರ್ಷ ಕಣ್ಣೆದುರು ಇದ್ದವಳನ್ನು ಕೇಳಿದ ಮಾತು. ಅಂಗೈ ಹುಣ್ಣಿಗೆ ಕನ್ನಡಿ ಕೇಳಿದ ಮೂರ್ಖಳು ನಾನು. ನೀನು ಸೆರಗು ಮಡಚಿಕೊಂಡು ಎದ್ದೆ. "ತರ್ತೀನಿ ಅಮ್ಮಾರೆ" ಎಂದೆ. ನಿಜವಾಗಿಯೂ ತರಲು ಹೋದೆ.

ಮೂರನೆಯ ದಿನ ನೀನು ಲಕೋಟೆ ಹಿಡಿದು ಬರುವಷ್ಟರಲ್ಲಿ ನನ್ನ ಮಗ ಮುರುಗೇಶ ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರು ಹೊಡೆದು ಹಾಕಿದ್ದ. ನೀನು ದೂರು ಕೊಟ್ಟಾಗ ಅವನು ಕೊಟ್ಟ ಉತ್ತರ ಹೀಗಿತ್ತು: ಹೆಂಗಸರು ಆಕ್ಷೇಪಿಸಿದರು, ಆಕೆ ತಾನಾಗಿಯೇ ಬಿಟ್ಟು ಹೋದಳು. ಅದರ ಕೆಳಗೆ ಸಾಕ್ಷಿಯೆಂದು ಸಹಿ ಮಾಡಿದವಳು ನಾನು. ಆ ದಿನಗಳಲ್ಲಿ ಟಿವಿಯಲ್ಲಿ ಒಬ್ಬ ಡಾಕ್ಟರು ನಿನ್ನಂಥವರು ಹೆಣ್ಣೇ ಹೌದೆಂದರೆ ಇನ್ನೊಬ್ಬರು ಅಲ್ಲ ಎನ್ನುತ್ತಿದ್ದರು. ನನಗೆ ಅನುಕೂಲವಾದವರನ್ನು ನಂಬಿದೆ.

ಆಕ್ಷೇಪಿಸಿದ್ದು ಯಾರು ಎಂದು ಪಾಲಮ್ಮನನ್ನು ಕೇಳಿದ್ದು ಇತ್ತೀಚೆಗೆ. "ನಾವೇನೂ ಅಂದಿಲ್ಲ ಅಮ್ಮಾರೆ. ನಿಮ್ಮ ಕೈ ನಿಂತಿದ್ದು ನೋಡಿ ನಾವೂ ಸುಮ್ನಾದ್ವಿ" ಎಂದಳು. ಅವಳು ಬೈದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈ ಬುದ್ಧಿ ತಾನಾಗಿ ಬಂದದ್ದೆಂದು ತಿಳಿಯಬೇಡ. ನಮ್ಮ ಯಜಮಾನರು ಹೋಗಿ ಐದು ತಿಂಗಳಾಯಿತು. ಮೊನ್ನೆ ನಮ್ಮ ಮೈದುನ ಮಹಾಂತೇಶನ ಮಗಳ ಸೀಮಂತಕ್ಕೆ ಹೋಗಿದ್ದೆ. ಹೆಂಗಸರ ಸಾಲಿನಲ್ಲಿ ಕುಂಕುಮದ ತಟ್ಟೆ ಬಂತು, ನನ್ನ ಮುಂದೆ ಒಂದು ಗಳಿಗೆ ನಿಂತಿತು, ಪಕ್ಕದವಳಿಗೆ ಹೋಯಿತು. ನನ್ನ ಕೈ ತಾನಾಗಿ ಸೆರಗು ಮಡಚಿತು. ಆಗ ನೀನು ನೆನಪಾದೆ. ನನ್ನ ಮೈಗೆ ಬಿದ್ದ ಮೇಲೆ ನೆನಪಾದೆಯಲ್ಲ, ಅದಕ್ಕೂ ನಾಚುತ್ತೇನೆ.

ಮನೆಗೆ ಬಂದು ನಿನ್ನ ಲಕೋಟೆ ಒಡೆದೆ. ಅವತ್ತು ನೀನು ನನ್ನ ಕೈಗಿಟ್ಟು ಹೋದದ್ದು, ಅಷ್ಟು ದಿನ ಒಡೆಯದೆ ಬೀರುವಿನಲ್ಲಿತ್ತು. "ಇವರು ಆರೋಗ್ಯವಾಗಿದ್ದಾರೆ. ಹೆಣ್ಣಾಗಿ ಬದುಕುತ್ತಿರುವುದು ಕಾಯಿಲೆಯಲ್ಲ. ಇದಕ್ಕೆ ಪ್ರಮಾಣಪತ್ರ ಕೇಳುವ ಹಕ್ಕು ಕೆಲಸ ಕೊಡುವವರಿಗಿಲ್ಲ." ಡಾಕ್ಟರು ಬರೆದದ್ದು ಇಷ್ಟೇ. ಓದಿಕೊಂಡು ಅಡುಗೆಮನೆಯಲ್ಲಿ ಕೂತುಬಿಟ್ಟೆ.

ಬುಧವಾರ ನಾನು ಬರುತ್ತೇನೆ. ಸಹಿ ನನ್ನದು, ಅದರ ಮೇಲಿನ ಮಾತು ಸುಳ್ಳು ಎಂದು ಹೇಳುತ್ತೇನೆ. "ಅವ್ವಾ, ಮಿಲ್ಲಿನ ಮಾನ ಹೋಗ್ತೈತೆ" ಎಂದು ಮುರುಗೇಶ ಅನ್ನ ಬಿಟ್ಟು ಕೂತಿದ್ದಾನೆ. ಹಸಿದರೆ ತಾನೇ ಉಣ್ಣುತ್ತಾನೆ. ಅಲ್ಲಿ ಎಲ್ಲರ ಮುಂದೆ ನನಗೆ ಧೈರ್ಯ ಕೈಕೊಟ್ಟರೆ ಈ ಕಾಗದವನ್ನೇ ಸಾಹೇಬರಿಗೆ ಕೊಡು. ಕೆಳಗೆ ಸಹಿ ಹಾಕಿದ್ದೇನೆ. ಕೆಲಸಕ್ಕೆ ವಾಪಸು ಬರುವುದು, ಬಿಡುವುದು ನಿನ್ನ ಇಷ್ಟ.

ಗಿಳಿಹಸಿರು ಕಣವನ್ನು ಯಾರಿಗೂ ಕೊಟ್ಟಿಲ್ಲ. ಚೀಲದಲ್ಲಿಟ್ಟುಕೊಂಡು ಬರುತ್ತೇನೆ. ಗಂಡ ಸತ್ತವಳ ಕೈಯಿಂದ ಉಡಿ ತುಂಬಿಸಿಕೊಳ್ಳಬಾರದು ಎನ್ನುವವರಿದ್ದಾರೆ. ನೀನೂ ಬೇಡವೆಂದರೆ ಹಾಗೆಯೇ ವಾಪಸು ತರುತ್ತೇನೆ. ಈ ಸಲ ಕೇಳಬೇಕಾದವಳು ನೀನು, ಸೆರಗು ಒಡ್ಡಿ ನಿಲ್ಲಬೇಕಾದವಳು ನಾನು.

ನಿನ್ನ ಉಡಿ ಎಂದೂ ಬರಿದಾಗದಿರಲಿ, ತಾಯಿ.

ನಿನ್ನೆದುರು ತಲೆ ಎತ್ತಲಾರದ,
ಸುಲೋಚನಮ್ಮ